ದಪ್ಪಗಾದ ಇಲಿ ಬಿಚ್ಚಿಟ್ಟ ಸೆಳವಿನ ಗುಟ್ಟು

ಇಲಿ ದಪ್ಪಗಾಯಿತು. ಆಮೇಲೊಂದು ದಿನ ಸೆಳವು ಬಂದು ಸತ್ತುಹೋಯಿತು.

1995ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿದ ಒಂದು ಸಂಶೋಧನಾ ಪ್ರಬಂಧವನ್ನು ಎರಡೇ ಮಾತಿನಲ್ಲಿ ಹೇಳಿ ಎಂದರೆ ಹೀಗೆ ಹೇಳಬಹುದು. ಅದನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಶೀರ್ಷಿಕೆ ದಾಟಿ ಮುಂದೆ ಹೋಗಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು. ತಿನ್ನುವುದರ ಏರುಪೇರು ಮತ್ತು ಮೂರ್ಛೆರೋಗ, ಎರಡೂ ಒಂದೇ ಸಾಲಿನಲ್ಲಿ, ಒಂದೇ ಇಲಿಯಲ್ಲಿ! ಊಟದ ತಟ್ಟೆಯ ಮುಂದೆ ‘ಇನ್ನು ಸಾಕು’ ಅನ್ನಿಸುವುದಕ್ಕೂ ಮಿದುಳಿನೊಳಗೆ ಸಿಡಿಲು ಹೊಡೆಯುವುದಕ್ಕೂ ಎಲ್ಲಿಂದೆಲ್ಲಿಯ ನಂಟು? ಆ ನಂಟಿನ ಹೆಸರು ಸೆರೋಟೋನಿನ್ ಎಂಬ ರಾಸಾಯನಿಕ. ಇನ್ನೂ ಬಿಡಿಸಿ ಹೇಳಬೇಕೆಂದರೆ, ಸೆರೋಟೋನಿನ್ ಬಂದು ಕೂರುವ ಒಂದೇ ಒಂದು ಬೀಗ.

ಕೆಲಸ ನಡೆದದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಲಾರೆನ್ಸ್ ಟೆಕಾಟ್ ಮತ್ತು ಡೇವಿಡ್ ಜೂಲಿಯಸ್ ಅವರ ತಂಡ ಇಲಿಗಳ ಒಂದು ವಂಶಾವಳಿಯನ್ನು ಬೆಳೆಸಿತು. ಅವುಗಳಲ್ಲಿ ಎಲ್ಲವೂ ಇತ್ತು, ಒಂದು ಜೀನ್ ಮಾತ್ರ ಕೆಲಸ ಮಾಡುತ್ತಿರಲಿಲ್ಲ. ಜೀವಿಯ ಸಾವಿರಾರು ಜೀನ್‌ಗಳ ನಡುವೆ ಬೇಕಾದ ಒಂದನ್ನೇ ಹುಡುಕಿ ಬಾಯಿ ಮುಚ್ಚಿಸುವ ಈ ‘ನಾಕ್‌ಔಟ್’ ತಂತ್ರ ಆಗಿನ್ನೂ ಹೊಸತು. ಅದನ್ನು ರೂಪಿಸಿದ ಮಾರಿಯೋ ಕಪೆಚಿ, ಮಾರ್ಟಿನ್ ಇವಾನ್ಸ್ ಮತ್ತು ಆಲಿವರ್ ಸ್ಮಿತೀಸ್ ಅವರಿಗೆ 2007ರಲ್ಲಿ ನೊಬೆಲ್ ಬಂತು. ಟೆಕಾಟ್ ತಂಡ ಮುಚ್ಚಿದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಎಕ್ಸ್ ಒಂದೇ. ಹಾಗಾಗಿ ಗಂಡಿಲಿಯಲ್ಲಿ ಆ ಒಂದು ಪ್ರತಿ ಕೆಟ್ಟರೆ ಮುಗಿಯಿತು, ಇಡೀ ಮಿದುಳಿನಲ್ಲಿ ಆ ಬೀಗವೇ ಇಲ್ಲ.

ಆ ಜೀನ್ ತಯಾರಿಸುವ ವಸ್ತುವಿನ ಹೆಸರು 5-ಎಚ್‌ಟಿ2ಸಿ ಗ್ರಾಹಕ. ನಾವು ಚುಟುಕಾಗಿ 2ಸಿ ಎನ್ನೋಣ.

ನರಕೋಶದ ಮೈಮೇಲೆ ಕುಳಿತ ಪ್ರೋಟೀನು ಅದು. ಸೆರೋಟೋನಿನ್ ಕಣ ತೇಲಿಬಂದು ಅದಕ್ಕೆ ಅಂಟಿದಾಗ, ಬೀಗದೊಳಗೆ ಬೀಗದಕೈ ತಿರುಗಿದ ಹಾಗೆ, ಕೋಶದ ಒಳಗೆ ಸರಸರನೆ ಕೆಲಸಗಳು ಶುರುವಾಗುತ್ತವೆ. ಕೈ ಒಂದೇ, ಬೀಗಗಳು ಹಲವು. ಸಸ್ತನಿಗಳಲ್ಲಿ ಸೆರೋಟೋನಿನ್‌ಗೆ ಏಳು ಕುಟುಂಬಗಳಿಗೆ ಸೇರಿದ ಹದಿನಾಲ್ಕು ಬಗೆಯ ಗ್ರಾಹಕಗಳಿವೆ! ಅವುಗಳಲ್ಲಿ ಒಂದು ಕೋಶವನ್ನು ಕೆರಳಿಸಿದರೆ ಇನ್ನೊಂದು ತಣಿಸುತ್ತದೆ. ಮತ್ತೊಂದು ಬೇರೊಂದು ರಾಸಾಯನಿಕವನ್ನು ಹೊರಬಿಡಿಸುತ್ತದೆ. ಸೆರೋಟೋನಿನ್ ಎಂದರೆ ಸಂತೋಷದ ಹಾರ್ಮೋನು ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾತು ಎಷ್ಟು ಬಡವಾದದ್ದು ಎಂಬುದು ಈ ಹದಿನಾಲ್ಕು ಬೀಗಗಳನ್ನು ಕಂಡಾಗಲೇ ತಿಳಿಯುವುದು.

ಈ ಕಣ ಮೊದಲು ಪತ್ತೆಯಾದದ್ದೂ ಮಿದುಳಿನಲ್ಲಲ್ಲ. ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮೆರ್ 1930ರ ದಶಕದಲ್ಲಿ ಅದನ್ನು ಕರುಳಿನಲ್ಲಿ ಕಂಡು ‘ಎಂಟೆರಮಿನ್’ ಎಂದು ಕರೆದರು. 1948ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಮಾರಿಸ್ ರ‍್ಯಾಪೋರ್ಟ್, ಆರ್ಡಾ ಗ್ರೀನ್ ಮತ್ತು ಇರ್ವಿನ್ ಪೇಜ್ ರಕ್ತದ ಸೀರಮ್‌ನಿಂದ ಅದನ್ನೇ ಬೇರ್ಪಡಿಸಿದರು. ಸೀರಮ್‌ನಲ್ಲಿದ್ದು ರಕ್ತನಾಳಕ್ಕೆ ಬಿಗಿ ಕೊಡುವುದರಿಂದ ಸೆರೋಟೋನಿನ್ ಎಂಬ ಹೆಸರು. ಮಿದುಳಿನಲ್ಲೂ ಅದು ಇದ್ದೀತು ಎಂದು ಹಟ ಹಿಡಿದು ಹುಡುಕಿದವರು ಬೆಟ್ಟಿ ಟ್ವಾರೋಗ್, ಕಡಲ ಚಿಪ್ಪುಜೀವಿಗಳ ಸ್ನಾಯುವನ್ನು ಅಭ್ಯಾಸ ಮಾಡುತ್ತಿದ್ದ ತರುಣಿ. ಸಸ್ತನಿಗಳ ಮಿದುಳಿನಲ್ಲಿ ಸೆರೋಟೋನಿನ್ ಇದೆ ಎಂಬ ಅವರ ಮತ್ತು ಪೇಜ್ ಅವರ ವರದಿ 1953ರಲ್ಲಿ ಹೊರಬಂತು. ಮೃದ್ವಂಗಿಯ ಸ್ನಾಯುವಿನಿಂದ ಹೊರಟ ದಾರಿ ನೇರ ಮನುಷ್ಯನ ಮನಸ್ಸಿನ ಬಾಗಿಲಿಗೆ ಬಂದು ನಿಂತಿತು!

ದೇಹದ ಸೆರೋಟೋನಿನ್‌ನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಈಗಲೂ ಕರುಳಿನಲ್ಲೇ ಇದೆ. ಮಿದುಳಿನಲ್ಲಿ ಅದನ್ನು ತಯಾರಿಸುವ ಕೋಶಗಳು ಬೆರಳೆಣಿಕೆಯಷ್ಟೇ ಎನ್ನಬೇಕು. ಇಲಿಯ ಮಿದುಳಿನಲ್ಲಿ ಸುಮಾರು 7 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಸೆರೋಟೋನಿನ್ ತಯಾರಿಸುವವು ಸುಮಾರು 26 ಸಾವಿರ. ಮಿದುಳುಕಾಂಡದ ನಡುಗೆರೆಯ ಗುಂಟ, ರಾಫೆ ಎಂಬ ಗುಂಪುಗಳಲ್ಲಿ ಅವು ಮುದುಡಿ ಕುಳಿತಿರುತ್ತವೆ. ಆದರೆ ಅವುಗಳ ತಂತುಗಳು ಆಲದ ಬಿಳಲುಗಳ ಹಾಗೆ ಮಿದುಳಿನ ಮೂಲೆಮೂಲೆಗೂ ಇಳಿದಿವೆ. ಇಷ್ಟು ಸಣ್ಣ ಗುಂಪು ಇಡೀ ಮಿದುಳಿಗೆ ಪಿಸುಗುಟ್ಟುತ್ತದೆ. ಆ ಪಿಸುಮಾತನ್ನು ಕೇಳಿಸಿಕೊಳ್ಳುವ ಕಿವಿ ಒಂದು ಕಡಿಮೆಯಾದರೆ ಏನಾದೀತು? ಟೆಕಾಟ್ ಅವರ ಇಲಿಗಳು ಕೊಟ್ಟದ್ದು ಈ ಪ್ರಶ್ನೆಗೆ ಉತ್ತರ.

ಆ ಇಲಿಗಳಿಗೆ ತಿಂದಷ್ಟೂ ಸಾಲದು. ಮೈ ಬೆಳೆಯಿತು. ಹಸಿವನ್ನು ಹತೋಟಿಯಲ್ಲಿಡಲು 2ಸಿ ಬೇಕು ಎಂಬುದು ಅಲ್ಲಿಗೆ ಸಾಬೀತಾಯಿತು. ಜೊತೆಗೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಯಾರೂ ಏನೂ ಮಾಡದಿದ್ದರೂ ಕೆಲವು ಇಲಿಗಳು ತಾವಾಗಿಯೇ ಸೆಳವು ಬಂದು ಸಾಯುತ್ತಿದ್ದವು. ಪೆಂಟಿಲೀನ್‌ಟೆಟ್ರಜೋಲ್ ಎಂಬ, ಸೆಳವು ಬರಿಸುವ ರಾಸಾಯನಿಕವನ್ನು ಕೊಟ್ಟಾಗ ಮಾಮೂಲಿ ಇಲಿಗಳು ತಾಳಿಕೊಳ್ಳುವಷ್ಟನ್ನು ಇವು ತಾಳಿಕೊಳ್ಳಲಿಲ್ಲ. ನರಜಾಲದ ಉದ್ರೇಕವನ್ನು 2ಸಿ ಸದಾಕಾಲ ಅದುಮಿ ಹಿಡಿದಿರುತ್ತದೆ ಎಂದು ತಂಡ ತೀರ್ಮಾನಿಸಿತು. ‘ಸದಾಕಾಲ’ ಎಂಬ ಮಾತನ್ನು ಗಮನಿಸಿ. ಸೆಳವು ಬಂದಾಗ ಓಡಿಬರುವ ಅಗ್ನಿಶಾಮಕ ದಳವಲ್ಲ ಇದು. ನಾವು ನಿದ್ದೆ ಹೋದಾಗಲೂ, ತಿನ್ನುವಾಗಲೂ, ಈ ಸಾಲನ್ನು ಓದುತ್ತಿರುವಾಗಲೂ ಲಗಾಮು ಹಿಡಿದೇ ಕುಳಿತ ಸಾರಥಿ.

ಎರಡು ವರ್ಷದ ಬಳಿಕ, 1997ರಲ್ಲಿ, ಇನ್ನೊಂದು ಬೆರಗು. ಈ ಇಲಿಗಳಿಗೆ ಜೋರಾದ ಸದ್ದು ಕೇಳಿಸಿದರೆ ಸಾಕು, ಸೆಳವು! ಅದೇ ಸದ್ದಿಗೆ, ಬೀಗ ಸರಿಯಿದ್ದ ಅವುಗಳ ಒಡಹುಟ್ಟುಗಳಿಗೆ ಏನೂ ಆಗಲಿಲ್ಲ. ಸದ್ದಿನ ಸೆಳವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಇಲಿ ಮೊದಲು ಹುಚ್ಚು ಹಿಡಿದಂತೆ ಗೂಡಿನ ಸುತ್ತ ಓಡುತ್ತದೆ. ಬಿದ್ದು ಕಾಲು ಬಡಿಯುತ್ತದೆ. ಕೊನೆಗೆ ಹಿಂಗಾಲುಗಳು ಕಡ್ಡಿಯಂತೆ ಸೆಟೆದು ನಿಲ್ಲುತ್ತವೆ. ಮರುವರ್ಷ ಆ್ಯಪಲ್‌ಗೇಟ್ ಮತ್ತು ಟೆಕಾಟ್ ಇನ್ನಷ್ಟು ಬಗೆಯಲ್ಲಿ ಪರೀಕ್ಷಿಸಿದರು. ವಿದ್ಯುತ್ ಕೊಟ್ಟರು, ಉಸಿರಿನ ಮೂಲಕ ಒಳಹೋಗಿ ಸೆಳವು ತರುವ ರಾಸಾಯನಿಕ ಕೊಟ್ಟರು, ದಿನದಿನವೂ ಸಣ್ಣ ಕಿಡಿ ಹೊತ್ತಿಸಿ ಮಿದುಳನ್ನು ನಿಧಾನಕ್ಕೆ ಸೆಳವಿಗೆ ಒಗ್ಗಿಸುವ ‘ಕಿಂಡ್ಲಿಂಗ್’ ಮಾಡಿದರು. ಯಾವ ದಾರಿಯಲ್ಲಿ ಹೋದರೂ ಬಾಗಿಲು ಬೇಗ ತೆರೆಯುತ್ತಿತ್ತು. ಎಲ್ಲೋ ಒಂದು ಮೂಲೆಯ ದೋಷವಲ್ಲ, ಇಡೀ ಮಿದುಳಿನ ತಾಳ್ಮೆಯೇ ಕುಗ್ಗಿತ್ತು.

ಸದ್ದಿಗೆ ಸೆಳವು ಬರುವುದು ವಿಚಿತ್ರವೆನಿಸಿದರೆ ನಮ್ಮ ಹಳೇ ಮೈಸೂರು ಸೀಮೆಯ ಬಚ್ಚಲುಮನೆಯನ್ನು ನೆನೆಯಿರಿ. ತಲೆಯ ಮೇಲೆ ಚೊಂಬಿನಿಂದ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಮೂರ್ಛೆ, ಅಂದರೆ ‘ಬಿಸಿನೀರಿನ ಮೂರ್ಛೆರೋಗ’, ಜಗತ್ತಿನಲ್ಲೇ ಹೆಚ್ಚಾಗಿ ಕಂಡುಬಂದಿರುವುದು ದಕ್ಷಿಣ ಕರ್ನಾಟಕದಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು ಅಂಥ ನೂರಾರು ರೋಗಿಗಳನ್ನು ಅಧ್ಯಯನ ಮಾಡಿದರು. 1996ರಲ್ಲಿ, ಅಮೆರಿಕದಲ್ಲಿ ಸದ್ದಿನ ಇಲಿಗಳ ವರದಿ ಬರುವ ಮುಂಚಿನ ವರ್ಷ, ಬೆಂಗಳೂರಿನ ತಂಡ ದೊಡ್ಡಿಲಿಗಳ ಮೇಲೆ ಬಿಸಿನೀರು ಹರಿಸಿ ಇದೇ ಸೆಳವಿನ ಪ್ರಾಣಿ-ಮಾದರಿಯನ್ನು ಕಟ್ಟಿ ವರದಿ ಮಾಡಿತು. ಬಿಸಿನೀರಿನ ಹಾದಿ ಬೇರೆ, ಸದ್ದಿನ ಹಾದಿ ಬೇರೆ. ಆದರೆ ದಿನನಿತ್ಯದ ಒಂದು ಅನುಭವ ಕೆಲವು ಮಿದುಳುಗಳಲ್ಲಿ ಹೊಸಿಲು ದಾಟಿಬಿಡುತ್ತದೆ ಎಂಬ ಮೂಲ ಸಂಗತಿ ಎರಡಕ್ಕೂ ಒಂದೇ. ಹೊಸಿಲು ಎಷ್ಟು ಎತ್ತರ ಎಂಬುದರಲ್ಲೇ ಎಲ್ಲ ಇದೆ.

ಈಗ ಒಂದು ಒಗಟು. 2ಸಿ ತಾನು ಕುಳಿತ ನರಕೋಶವನ್ನು ತಣಿಸುವುದಿಲ್ಲ, ಕೆರಳಿಸುತ್ತದೆ! ಕೆರಳಿಸುವ ಬೀಗವನ್ನು ತೆಗೆದುಹಾಕಿದರೆ ಮಿದುಳು ಶಾಂತವಾಗಬೇಕಿತ್ತಲ್ಲ, ಬಿರುಗಾಳಿ ಏಕೆ ಎದ್ದಿತು? ಇದಕ್ಕೊಂದು ಸೊಗಸಾದ ವಿವರಣೆ ಇದೆ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವನ್ನು ಸುರಿಸಿ ನೆರೆಯ ಕೋಶಗಳ ಬಾಯಿ ಮುಚ್ಚಿಸುವ ಕಾವಲು ಕೋಶಗಳಿವೆ. ಹಲವು ಕಡೆ 2ಸಿ ಕುಳಿತಿರುವುದು ಇಂಥ ಕಾವಲುಗಾರರ ಮೈಮೇಲೆ. ಅದು ಎಬ್ಬಿಸುವುದು ಗದ್ದಲ ಮಾಡುವವರನ್ನಲ್ಲ, ಗದ್ದಲ ಅಡಗಿಸುವವರನ್ನು. ತರಗತಿಯ ಮಾನಿಟರ್‌ನನ್ನು ಎಚ್ಚರಿಸಿಟ್ಟರೆ ತರಗತಿ ಸುಮ್ಮನಿರುತ್ತದೆ. ಮಾನಿಟರ್ ತೂಕಡಿಸಿದನೋ, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಸೆಳವು ಎಂದರೆ ಅದೇ ತಾನೆ, ಲಕ್ಷಾಂತರ ನರಕೋಶಗಳು ತಮ್ಮ ತಮ್ಮ ಮಾತು ಬಿಟ್ಟು ಒಂದೇ ಏಟಿಗೆ ಕೂಗುವುದು.

2ಸಿ ಬೀಗದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಜೀನಿನಲ್ಲಿ ಬರೆದದ್ದನ್ನು ಆರ್‌ಎನ್‌ಎ ನಕಲು ಮಾಡಿಕೊಳ್ಳುತ್ತದೆ, ನಕಲಿನಂತೆ ಪ್ರೋಟೀನು ತಯಾರಾಗುತ್ತದೆ ಎಂದು ಪಿಯುಸಿಯಲ್ಲಿ ಓದಿದ್ದೇವೆ. ಆದರೆ 1997ರಿಂದ ಗೊತ್ತಾಗುತ್ತ ಬಂದದ್ದು ಬೇರೆಯೇ. 2ಸಿಯ ನಕಲು ಪ್ರತಿ ಕೈಗೆ ಬಂದ ಮೇಲೆ ಕೋಶ ಅದರ ಐದು ಕಡೆ ಅಕ್ಷರ ತಿದ್ದುತ್ತದೆ! ಎಲ್ಲಿ ತಿದ್ದಿತು, ಎಲ್ಲಿ ಬಿಟ್ಟಿತು ಎಂಬುದರ ಮೇಲೆ ಒಂದೇ ಜೀನಿನಿಂದ 24 ಬಗೆಯ 2ಸಿ ಗ್ರಾಹಕಗಳು ಹುಟ್ಟಬಹುದು. ಹೆಚ್ಚು ತಿದ್ದಿಸಿಕೊಂಡವು ಸೆರೋಟೋನಿನ್‌ಗೆ ಕಡಿಮೆ ಓಗೊಡುತ್ತವೆ. ಸಸ್ತನಿಗಳ ಸೆರೋಟೋನಿನ್ ಗ್ರಾಹಕಗಳಲ್ಲಿ ಹೀಗೆ ಅಕ್ಷರ ತಿದ್ದಿಸಿಕೊಳ್ಳುವುದರಲ್ಲಿ ಇದರ ಹೆಸರೇ ಮುಂದೆ. ಮಿದುಳು ಈ ಲಗಾಮಿನ ಬಿಗಿಯನ್ನು ಇಷ್ಟು ನಾಜೂಕಾಗಿ ಸರಿಮಾಡಿಕೊಳ್ಳುತ್ತಿರುವಾಗ, ಲಗಾಮನ್ನೇ ಕಿತ್ತ ಇಲಿಗಳಲ್ಲಿ ಕುದುರೆ ಓಡಿದ್ದರಲ್ಲಿ ಆಶ್ಚರ್ಯವೇನು.

ಉಳಿದ ಬೀಗಗಳ ಕತೆ? ಅವುಗಳದ್ದೂ ಸ್ವಾರಸ್ಯವೇ. 5-ಎಚ್‌ಟಿ4 ಇಲ್ಲದ ಇಲಿಗಳನ್ನು ಫ್ರಾನ್ಸ್‌ನ ವಾಲೆರಿ ಕೊಂಪಾನ್ ಮತ್ತು ಸಂಗಡಿಗರು 2004ರಲ್ಲಿ ವರ್ಣಿಸಿದರು. ಅವೂ ಸೆಳವಿಗೆ ಬೇಗ ಬಗ್ಗುತ್ತವೆ. 1ಎ ಎಂಬುದು ನೆನಪಿನ ಮನೆಯಾದ ಹಿಪ್ಪೊಕ್ಯಾಂಪಸ್‌ನಲ್ಲಿ ತುಂಬಿಕೊಂಡಿದೆ. ಅದು ತಿರುಗಿದರೆ ಪೊಟ್ಯಾಸಿಯಮ್ಮಿನ ಬಾಗಿಲುಗಳು ತೆರೆದು ನರಕೋಶ ಸದ್ದಡಗಿ ಕೂರುತ್ತದೆ. ಇಷ್ಟು ತಿಳಿದ ಯಾರಾದರೂ 1ಎ ಒಳ್ಳೆಯದು, ಸೆಳವಿಗೆ ಮದ್ದು ಎಂದುಬಿಡುತ್ತಾರೆ. ಆದರೆ ನೆದರ್‌ಲ್ಯಾಂಡ್ಸ್‌ನಲ್ಲಿ ಬೆಳೆಸಿದ ‘ವ್ಯಾಗ್/ರಿಜ್’ ಎಂಬ ದೊಡ್ಡಿಲಿಗಳ ತಳಿಯೊಂದಿದೆ. ಅವು ಬಿದ್ದು ಒದ್ದಾಡುವುದಿಲ್ಲ. ಕೂತಲ್ಲೇ ಕೆಲವು ಕ್ಷಣ ಕಲ್ಲಾಗಿ, ಮೀಸೆ ಅದುರಿಸಿ, ಮತ್ತೆ ಏನೂ ಆಗದಂತೆ ಎದ್ದು ಹೋಗುತ್ತವೆ. ಮಕ್ಕಳು ತರಗತಿಯಲ್ಲಿ ಸುಮ್ಮನೆ ಶೂನ್ಯ ನೋಡುತ್ತ ಕೂರುವ ‘ಆಬ್ಸೆನ್ಸ್’ ಸೆಳವಿನ ತದ್ರೂಪು. ಆ ದೊಡ್ಡಿಲಿಗಳಿಗೆ 1ಎ ಬೀಗವನ್ನು ತೆರೆಯುವ ರಾಸಾಯನಿಕ ಕೊಟ್ಟಾಗ ಸೆಳವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು!

ಕಾರಣ ಮಿದುಳಿನ ಬೇರೆ ಮೂಲೆಯಲ್ಲಿದೆ. ಆಬ್ಸೆನ್ಸ್ ಸೆಳವು ಥಾಲಮಸ್ ಮತ್ತು ಹೊರಪದರದ ನಡುವಿನ ಉಯ್ಯಾಲೆಯಿಂದ ಹುಟ್ಟುತ್ತದೆ. ಅಲ್ಲಿನ ಕೋಶಗಳನ್ನು ಹೆಚ್ಚು ತಣಿಸಿದರೆ ಅವುಗಳಲ್ಲಿ ಮುಚ್ಚಿಕೊಂಡಿದ್ದ ಒಂದು ಬಗೆಯ ಕ್ಯಾಲ್ಸಿಯಂ ಬಾಗಿಲುಗಳು ಸಜ್ಜಾಗಿ, ಉಯ್ಯಾಲೆಗೆ ಇನ್ನಷ್ಟು ತೂಗು ಸಿಗುತ್ತದೆ. ಒಂದು ಕಡೆ ಮದ್ದಾದದ್ದೇ ಇನ್ನೊಂದು ಕಡೆ ಮುಳುವು. ಹೀಗಾಗಿ ‘ಸೆರೋಟೋನಿನ್ ಹೆಚ್ಚಿಸಿದರೆ ಸೆಳವು ನಿಲ್ಲುತ್ತದೆ’ ಎಂದು ಒಂದೇ ಉಸಿರಿನಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ. ಯಾವ ಬೀಗ, ಯಾವ ಕೋಶದ ಮೇಲೆ, ಯಾವ ಬಗೆಯ ಸೆಳವು ಎಂದು ಕೇಳಬೇಕು.

ಸೆರೋಟೋನಿನ್‌ಗೂ ಸೆಳವಿಗೂ ನಂಟಿರಬಹುದು ಎಂಬ ಸುಳಿವು ಸಿಕ್ಕಿದ್ದರಲ್ಲಿ ಒಂದು ಬೇರಿನ ಪಾಲೂ ಇದೆ, ಅದೂ ನಮ್ಮ ನೆಲದ ಬೇರು. ಸರ್ಪಗಂಧಿ. ಸೂತ್ರನಾಭಿ ಎಂದೂ ಕರೆಯುವ ಆ ಗಿಡ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ. ಮುಂಬಯಿಯ ಹೃದಯತಜ್ಞ ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ರಕ್ತದೊತ್ತಡಕ್ಕೆ ಅದರ ಗುಣವನ್ನು ವಿವರಿಸಿದ ಮೇಲೆ ಜಗತ್ತಿನ ಕಣ್ಣು ಅದರ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್‌ಲ್ಯಾಂಡ್‌ನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ರಿಸರ್ಪಿನ್ ಮಿದುಳಿನ ಸೆರೋಟೋನಿನ್ ಉಗ್ರಾಣವನ್ನು ಬರಿದು ಮಾಡುತ್ತದೆ. 1954ರಲ್ಲೇ ಗಮನಕ್ಕೆ ಬಂದ ಸಂಗತಿ ಏನೆಂದರೆ, ಮನಸ್ಸನ್ನು ತಣಿಸುವ ಇದೇ ರಿಸರ್ಪಿನ್ ಕೊಟ್ಟ ಇಲಿಗಳಿಗೆ ಸೆಳವು ಸುಲಭವಾಗಿ ಬರುತ್ತದೆ! ಮೇಲ್ನೋಟಕ್ಕೆ ಮಂಕಾಗಿ ಕೂತ ಪ್ರಾಣಿ, ಒಳಗೆ ಬೇಲಿ ಮುರಿದ ಹೊಲ. ರಿಸರ್ಪಿನ್ ಬೇರೆ ರಾಸಾಯನಿಕಗಳನ್ನೂ ಬರಿದು ಮಾಡುವುದರಿಂದ ಆಗ ಬೆರಳು ಸೆರೋಟೋನಿನ್ ಕಡೆಗೇ ತೋರಿಸಲು ಸಾಧ್ಯವಿರಲಿಲ್ಲ. ಬೆರಳು ಒಂದೇ ಬೀಗದ ಕಡೆ ತಿರುಗಲು ನಾಲ್ಕು ದಶಕ ಬೇಕಾಯಿತು.

ಇನ್ನು ಉಸಿರಿನ ಮಾತು. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಅಲುಗಾಡಿಸಿದ ಭಾಗ ಇದು.

ಮೂರ್ಛೆರೋಗ ಇರುವವರಲ್ಲಿ ಕೆಲವರು, ಹಲವೊಮ್ಮೆ ರಾತ್ರಿ ಮಲಗಿದ್ದಲ್ಲೇ, ಸೆಳವಿನ ಬೆನ್ನಿಗೆ ಸತ್ತುಹೋಗುತ್ತಾರೆ. ವೈದ್ಯರು ಇದನ್ನು ಸುಡೆಪ್ ಎನ್ನುತ್ತಾರೆ, ಅಂದರೆ ಮೂರ್ಛೆರೋಗದಲ್ಲಿ ಅನಿರೀಕ್ಷಿತ ಹಠಾತ್ ಸಾವು. ಮನೆಯವರಿಗೆ ಬೆಳಿಗ್ಗೆ ಬಾಗಿಲು ತೆರೆದಾಗಲೇ ತಿಳಿಯುವುದು. ಈ ಸಾವಿನ ಒಳಗುಟ್ಟನ್ನು ತೋರಿಸಿದ್ದರಲ್ಲಿ ಡಿಬಿಎ/1 ಎಂಬ ತಳಿಯ ಇಲಿಗಳ ಪಾಲು ದೊಡ್ಡದು. ಡಿಬಿಎ ಬಳಗ 1909ರಷ್ಟು ಹಳೆಯದು, ಪ್ರಯೋಗಾಲಯದ ಶುದ್ಧ ತಳಿಗಳಲ್ಲೇ ಮೊದಲನೆಯದು. ಡಿಬಿಎ/1 ಇಲಿಗೆ ಗಂಟೆಯ ಜೋರು ಸದ್ದು ಕೇಳಿಸಿದರೆ ಸೆಳವು ಬರುತ್ತದೆ. ಸೆಳವು ನಿಲ್ಲುತ್ತದೆ. ಅದರೊಂದಿಗೆ ಉಸಿರೂ ನಿಲ್ಲುತ್ತದೆ. ಹೃದಯ ಇನ್ನೂ ಬಡಿಯುತ್ತಿರುತ್ತದೆ. ಆ ಹೊತ್ತಿಗೆ ಪುಟ್ಟ ಕೊಳವೆಯಿಂದ ಗಾಳಿ ಊದಿದರೆ ಇಲಿ ಬದುಕುತ್ತದೆ. ಊದದಿದ್ದರೆ ಇಲ್ಲ.

ಕಾರ್ಲ್ ಫೈನ್‌ಗೋಲ್ಡ್ ಎಂಬ ಅಮೆರಿಕದ ಸಂಶೋಧಕರ ತಂಡ ಈ ಇಲಿಗಳಿಗೆ ಮುಂಚೆಯೇ ಫ್ಲುಯೊಕ್ಸೆಟಿನ್ ಕೊಟ್ಟು ನೋಡಿತು. ಖಿನ್ನತೆಗೆ ಕೊಡುವ ಅದೇ ಮಾತ್ರೆ, ನರಕೋಶಗಳ ನಡುವೆ ಸೆರೋಟೋನಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುವುದು. ಸೆಳವು ಬಂತು, ಆದರೆ ಉಸಿರು ನಿಲ್ಲಲಿಲ್ಲ! ಅತ್ತ ಜಾರ್ಜ್ ರಿಚರ್ಸನ್ ಮತ್ತು ಗೋರ್ಡನ್ ಬುಕಾನನ್ ಅವರು, ಮಿದುಳಿನ ಸೆರೋಟೋನಿನ್ ಕೋಶಗಳೇ ಹುಟ್ಟದಂತೆ ಮಾಡಿದ ಇಲಿಗಳನ್ನು ಪರೀಕ್ಷಿಸಿ 2014ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಸೆಳವಿನ ಹೊಸಿಲೂ ತಗ್ಗಿತ್ತು, ಸೆಳವಿನಿಂದ ಸಾಯುವುದೂ ಹೆಚ್ಚಿತ್ತು, ಸಾವಿಗೆ ಕಾರಣ ಉಸಿರು ನಿಲ್ಲುವುದೇ ಆಗಿತ್ತು.

ಇದಕ್ಕೂ ರಾಫೆಯ ಕೋಶಗಳಿಗೂ ಏನು ಸಂಬಂಧ? ಆ ಕೋಶಗಳಲ್ಲಿ ಹಲವು ರಕ್ತದ ಇಂಗಾಲದ ಡೈಆಕ್ಸೈಡನ್ನು ಮೂಸಿ ನೋಡುವ ಕಾವಲುಗಾರರು. ಮಲಗಿದಾಗ ಮೂಗು ದಿಂಬಿಗೆ ಒತ್ತಿ ಉಸಿರು ಕಟ್ಟಿದರೆ ನಾವು ಎಚ್ಚರಾಗಿ ಹೊರಳುವುದರಲ್ಲಿ ಅವುಗಳ ಕೈವಾಡವಿದೆ. ಸೆಳವಿನ ಬಿರುಗಾಳಿ ಮಿದುಳುಕಾಂಡಕ್ಕೆ ಇಳಿದು ಈ ಕಾವಲುಗಾರರನ್ನೇ ಮೂಕವಾಗಿಸಿದರೆ, ‘ಏಳು, ಉಸಿರಾಡು’ ಎನ್ನುವವರು ಯಾರೂ ಉಳಿಯುವುದಿಲ್ಲ. 2018ರಲ್ಲಿ ಹುವಾ-ಜುನ್ ಫೆಂಗ್ ಅವರ ತಂಡ ಡಿಬಿಎ/1 ಇಲಿಗಳ ರಾಫೆಯ ಸೆರೋಟೋನಿನ್ ಕೋಶಗಳಿಗೆ ಬೆಳಕಿಗೆ ಸ್ಪಂದಿಸುವ ಪ್ರೋಟೀನನ್ನು ಕೂರಿಸಿ, ಕೂದಲೆಳೆಯಂಥ ತಂತುವಿನ ಮೂಲಕ ನೀಲಿ ಬೆಳಕು ಹಾಯಿಸಿತು. ಬೆಳಕು ಬಿದ್ದ ಇಲಿಗಳಲ್ಲಿ ಉಸಿರು ನಿಲ್ಲುವುದು ಕಡಿಮೆಯಾಯಿತು. 5-ಎಚ್‌ಟಿ3 ಎಂಬ ಬೀಗವನ್ನು ಮುಚ್ಚುವ ಔಷಧ ಕೊಟ್ಟಾಗ ಆ ರಕ್ಷಣೆ ಮತ್ತೆ ಕುಗ್ಗಿತು. ಬೆಳಕಿನ ಒಂದು ಎಳೆ, ಸಾವಿನ ದವಡೆಯಿಂದ ಇಲಿಯನ್ನು ಎಳೆದು ತಂದಿತು. ಇದನ್ನು ಬರೆಯುವಾಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಇಷ್ಟೆಲ್ಲ ಇಲಿಗಳ ಮಾತಾಯಿತು, ಮನುಷ್ಯರಿಗೇನು ಸಿಕ್ಕಿತು ಎಂದು ನೀವು ಕೇಳಬೇಕು, ಕೇಳಲೇಬೇಕು. ಉತ್ತರ ಬಂದ ದಾರಿ ಯಾರೂ ಎಣಿಸಿರದ ದಾರಿ.

ಫೆನ್‌ಫ್ಲುರಮಿನ್ ಎಂಬ ತೂಕ ಇಳಿಸುವ ಮಾತ್ರೆ ಇತ್ತು. ಅದು ನರತುದಿಗಳಿಂದ ಸೆರೋಟೋನಿನ್ ಹೊರಬಿಡಿಸುತ್ತದೆ, ಜೊತೆಗೆ ಕೆಲವು ಬೀಗಗಳನ್ನು ನೇರವಾಗಿ ತಿರುಗಿಸುತ್ತದೆ. ಅಮೆರಿಕದಲ್ಲಿ ಲಕ್ಷಾಂತರ ಜನ ಅದನ್ನು ಇನ್ನೊಂದು ಮಾತ್ರೆಯ ಜೊತೆ ‘ಫೆನ್-ಫೆನ್’ ಎಂದು ನುಂಗುತ್ತಿದ್ದರು. 1997ರಲ್ಲಿ ವೈದ್ಯರಿಗೆ ಅದನ್ನು ನುಂಗಿದ ಹೆಂಗಸರ ಹೃದಯದ ಕವಾಟಗಳು ಕೆಟ್ಟಿರುವುದು ಕಂಡಿತು. ಆ ಸೆಪ್ಟೆಂಬರ್‌ನಲ್ಲಿ ಔಷಧವನ್ನು ಮಾರುಕಟ್ಟೆಯಿಂದ ಹಿಂದೆಗೆದರು. ಕೆಡುಕು ಮಾಡಿದ್ದು ಯಾವುದು? ಇನ್ನೊಂದು ಬೀಗ, 2ಬಿ, ಹೃದಯದ ಕವಾಟದ ಕೋಶಗಳ ಮೇಲೆ ಕುಳಿತದ್ದು. 2ಸಿ ಹಸಿವನ್ನು ಇಳಿಸಿತು, 2ಬಿ ಹೃದಯವನ್ನು ಕೆಡಿಸಿತು. ಒಂದೇ ಕೈ, ಅಕ್ಕಪಕ್ಕದ ಎರಡು ಬೀಗ.

ಔಷಧದ ಕತೆ ಅಲ್ಲಿಗೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ಬೆಲ್ಜಿಯಮ್ಮಿನಲ್ಲಿ ಮಾತ್ರ ಮುಗಿಯಲಿಲ್ಲ. ಅಲ್ಲಿನ ಮಕ್ಕಳ ನರತಜ್ಞರಾದ ಬೆರ್ಟೆನ್ ಸ್ಯೂಲೆಮನ್ಸ್ ಮತ್ತು ಲೀವೆನ್ ಲಾಗೆ ಮುಂತಾದವರು, ಡ್ರಾವೆ ಸಿಂಡ್ರೋಮ್ ಇದ್ದ ಕೆಲವು ಮಕ್ಕಳಿಗೆ ಫೆನ್‌ಫ್ಲುರಮಿನ್ ಕೊಡುತ್ತಿದ್ದರು. ಫ್ರಾನ್ಸಿನ ವೈದ್ಯೆ ಶಾರ್ಲೊಟ್ ಡ್ರಾವೆ 1978ರಲ್ಲಿ ಗುರುತಿಸಿದ ಕಾಯಿಲೆ ಅದು. ಹುಟ್ಟಿದ ಮೊದಲ ವರ್ಷದಲ್ಲೇ, ಹೆಚ್ಚಾಗಿ ಜ್ವರದೊಂದಿಗೆ, ದೀರ್ಘವಾದ ಸೆಳವು ಬರುತ್ತದೆ. ಆಮೇಲೆ ಔಷಧಗಳಿಗೆ ಜಗ್ಗುವುದಿಲ್ಲ. ಮಗುವಿನ ಕಲಿಕೆ ಹಿಂದೆ ಬೀಳುತ್ತ ಬರುತ್ತದೆ. ಸುಡೆಪ್‌ನ ಭಯ ಇಲ್ಲಿ ಬಹಳ ಹೆಚ್ಚು. ಸೋಡಿಯಂ ಬಾಗಿಲೊಂದರ ಜೀನು, ಎಸ್‌ಸಿಎನ್‌1ಎ, ಕೆಟ್ಟಿರುವುದೇ ಹೆಚ್ಚಿನವರಲ್ಲಿ ಕಾರಣ ಎಂದು 2001ರಲ್ಲಿ ತಿಳಿಯಿತು. ಹಿಂದೆಗೆದ ಆ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ, ಹೃದಯವನ್ನು ಪದೇ ಪದೇ ಪರೀಕ್ಷಿಸುತ್ತ ಮುಂದುವರಿಸಲು ಬೆಲ್ಜಿಯಂ ಸರಕಾರ ವಿಶೇಷ ಅನುಮತಿ ಕೊಟ್ಟಿತು. 2012ರಲ್ಲಿ ಆ ವೈದ್ಯರು 12 ರೋಗಿಗಳ ಕತೆಯನ್ನು ಪ್ರಕಟಿಸಿದರು. ಅವರಲ್ಲಿ 7 ಮಂದಿಗೆ ಕನಿಷ್ಠ ಒಂದು ವರ್ಷದಿಂದ ಸೆಳವೇ ಬಂದಿರಲಿಲ್ಲ!

ಡ್ರಾವೆ ಮಕ್ಕಳ ಮನೆಯಲ್ಲಿ ಒಂದು ವರ್ಷ ಸೆಳವಿಲ್ಲದೆ ಕಳೆಯುವುದು ಎಂದರೆ ಏನು ಎಂದು ಆ ತಾಯಂದಿರನ್ನೇ ಕೇಳಬೇಕು.

ಅತ್ತ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಕಾಟ್ ಬಾರಾಬನ್ ಅವರು ಜೀಬ್ರಾ ಮೀನಿನ ಮರಿಗಳನ್ನು ಹಿಡಿದು ಕುಳಿತಿದ್ದರು. ಅಕ್ಕಿ ಕಾಳಿಗಿಂತ ಚಿಕ್ಕದಾದ, ಗಾಜಿನಂತೆ ಪಾರದರ್ಶಕವಾದ ಮರಿಗಳು. ಅದೇ ಸೋಡಿಯಂ ಬಾಗಿಲಿನ ಜೀನು ಕೆಟ್ಟ ಮರಿ ಸೆಳವು ಬಂದಾಗ ಸುಳಿಯಂತೆ ಸುತ್ತಿ ಸುತ್ತಿ ಈಜುತ್ತದೆ. ಪುಟ್ಟ ಪುಟ್ಟ ಗುಳಿಗಳಿರುವ ತಟ್ಟೆಯಲ್ಲಿ ಗುಳಿಗೊಂದು ಮೀನು ಬಿಟ್ಟು, ಒಂದೊಂದಕ್ಕೂ ಒಂದೊಂದು ಔಷಧ ಹಾಕಿ, ಯಾವ ಮೀನು ಸುತ್ತುವುದನ್ನು ನಿಲ್ಲಿಸಿತು ಎಂದು ಕ್ಯಾಮೆರಾದಲ್ಲಿ ನೋಡುವುದು ಅವರ ಉಪಾಯ. 2013ರಲ್ಲಿ ಬಲೆಗೆ ಬಿದ್ದದ್ದು ಕ್ಲೆಮಿಜೋಲ್, ಅಲರ್ಜಿಗೆ ಹಿಂದೆ ಕೊಡುತ್ತಿದ್ದ ಹಳೆಯ ಮಾತ್ರೆ. ಅಲರ್ಜಿಯ ಮಾತ್ರೆ ಸೆಳವನ್ನು ಹೇಗೆ ನಿಲ್ಲಿಸಿತು ಎಂದು ಅಗೆಯುತ್ತ ಹೋದಾಗ, 2017ರಲ್ಲಿ, ಗುದ್ದಲಿ ಮತ್ತೆ ಸೆರೋಟೋನಿನ್ ಗ್ರಾಹಕಗಳಿಗೇ ಬಡಿಯಿತು! ಬೆಲ್ಜಿಯಮ್ಮಿನ ಲುವೆನ್‌ನಲ್ಲಿ ಪೀಟರ್ ಡಿ ವಿಟ್ಟೆ ಅವರ ತಂಡವೂ ಇಂಥದೇ ಮೀನುಗಳಿಗೆ ಫೆನ್‌ಫ್ಲುರಮಿನ್ ಕೊಟ್ಟು ಸೆಳವು ತಗ್ಗುವುದನ್ನು ಕಂಡಿತು. ಯಾವ ಬೀಗ ಎಂದು ಒಂದೊಂದಾಗಿ ತಡಕಿದಾಗ 1ಡಿ, 2ಎ ಜೊತೆಗೆ 2ಸಿಯ ಹೆಸರೂ ಪಟ್ಟಿಯಲ್ಲಿತ್ತು. ಇಲಿ ಹೇಳಿದ್ದನ್ನೇ ಮೀನು ಹೇಳಿತು, ಮಗುವೂ ಅದನ್ನೇ ಹೇಳುತ್ತಿತ್ತು.

2019ರ ಡಿಸೆಂಬರ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 119 ರೋಗಿಗಳ ಪರೀಕ್ಷೆಯ ಫಲಿತಾಂಶ ಬಂತು. ಹೆಚ್ಚಿನ ಪ್ರಮಾಣದ ಫೆನ್‌ಫ್ಲುರಮಿನ್ ಪಡೆದವರ ಗುಂಪಿನಲ್ಲಿ ಸೆಳವುಗಳು ಮಧ್ಯಮ ಲೆಕ್ಕದಲ್ಲಿ ನೂರಕ್ಕೆ 74.9ರಷ್ಟು ಇಳಿದಿದ್ದವು, ಬರಿ ಹುಸಿಮದ್ದು ಪಡೆದವರಲ್ಲಿ ಇಳಿದದ್ದು 19.2. ಜೂನ್ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಡ್ರಾವೆ ಸಿಂಡ್ರೋಮ್‌ಗೆ ಅದನ್ನು ಒಪ್ಪಿಕೊಂಡಿತು. 23 ವರ್ಷ ಹಿಂದೆ ಹೊರದಬ್ಬಿಸಿಕೊಂಡ ಮಾತ್ರೆ ಬೇರೆ ಬಾಗಿಲಿನಿಂದ ಒಳಬಂತು. ಹೃದಯದ ಎಕೋ ಪರೀಕ್ಷೆ ಆಗಾಗ ಮಾಡಿಸಲೇಬೇಕು ಎಂಬ ಕಟ್ಟಳೆಯೊಂದಿಗೆ ಬಂತು, ಅದು ಸರಿಯೂ ಹೌದು. ಈಗ 2ಬಿಯನ್ನು ಮುಟ್ಟದೆ 2ಸಿಯನ್ನಷ್ಟೇ ತಿರುಗಿಸುವ ಬೆಕ್ಸಿಕ್ಯಾಸೆರಿನ್‌ನಂಥ ಹೊಸ ಕಣಗಳು ರೋಗಿಗಳ ಮೇಲಿನ ದೊಡ್ಡ ಪರೀಕ್ಷೆಯ ಹಂತಕ್ಕೆ ಬಂದಿವೆ.

ತೂಕ ಇಳಿಸುವ ಔಷಧ ಸೆಳವಿಗೆ ಮದ್ದಾದದ್ದು ಕಾಕತಾಳೀಯ ಎಂದು ಕೆಲವರು ಬರೆಯುತ್ತಾರೆ. 1995ರ ಆ ಇಲಿಯನ್ನು ಬಲ್ಲವರು ಹಾಗೆನ್ನಲಾರರು. ಒಂದು ಬೀಗ ತೆಗೆದಾಗ ಇಲಿ ದಪ್ಪಗಾಯಿತು, ಸೆಳವಿಗೆ ಬಿತ್ತು. ಆ ಬೀಗವನ್ನು ತಿರುಗಿಸುವ ಮಾತ್ರೆ ತೂಕವನ್ನೂ ಇಳಿಸಿತು, ಸೆಳವನ್ನೂ ಇಳಿಸಿತು. ಫೆನ್‌ಫ್ಲುರಮಿನ್‌ಗೆ ಬೇರೆ ಕೆಲಸಗಳೂ ಇವೆ, ಎಲ್ಲ ಶ್ರೇಯ 2ಸಿಯದೇ ಅಲ್ಲ, ಒಪ್ಪುತ್ತೇನೆ. ಆದರೂ ಇಲಿ ಮೊದಲೇ ಹೇಳಿತ್ತು ಎಂಬುದನ್ನು ನಾನು ಬಿಟ್ಟುಕೊಡುವುದಿಲ್ಲ. ಅಂದಹಾಗೆ 2ಸಿ ಜೀನನ್ನು 1988ರಲ್ಲಿ ಮೊದಲು ಹಿಡಿದು ತಂದವರೂ ಇದೇ ಡೇವಿಡ್ ಜೂಲಿಯಸ್. ಆಗ ಅದರ ಹೆಸರು 1ಸಿ ಎಂದಿತ್ತು. ಮುಂದೆ ಮೆಣಸಿನಕಾಯಿಯ ಖಾರವನ್ನು ಗುರುತಿಸುವ ಗ್ರಾಹಕವನ್ನು ಹುಡುಕಿ 2021ರ ನೊಬೆಲ್ ಹಂಚಿಕೊಂಡರು.

ಗಂಟೆಯ ಸದ್ದಿಗೆ ಓಡಿ ಬಿದ್ದ ಆ ಇಲಿಗಳನ್ನು ನೆನೆದಾಗ ನನ್ನೊಳಗೆ ಕಸಿವಿಸಿ ಇಲ್ಲದಿಲ್ಲ. ಅವುಗಳ ನೋವು ನೋವೇ. ಆದರೆ ಅವು ಕೊಟ್ಟ ತಿಳಿವಳಿಕೆ ನಮ್ಮ ಮನೆಯಂಗಳಕ್ಕೆ ಬಂದಿದೆ, ಬಳಸದಿದ್ದರೆ ಅದೇ ದೊಡ್ಡ ತಪ್ಪು.

ನಮ್ಮ ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಮದುವೆಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ನಾವು ಮೊದಲು ಮಾಡುವ ಕೆಲಸ ಕೈಗೆ ಕಬ್ಬಿಣ ಕೊಡುವುದು. ಬೀಗದ ಕೈಗೊಂಚಲು ತುರುಕುತ್ತೇವೆ. ಆ ಕೈಗೊಂಚಲು ಯಾವ ಬೀಗವನ್ನೂ ತೆರೆಯುವುದಿಲ್ಲ. ದಯವಿಟ್ಟು ಅದನ್ನು ಜೇಬಿನಲ್ಲೇ ಇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಕೊರಳ ಗುಂಡಿ ಸಡಿಲಿಸಿ, ಸೆಳವು ನಿಂತ ಕೂಡಲೇ ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಗಡಿಯಾರ ನೋಡಿಕೊಳ್ಳಿ, ಐದು ನಿಮಿಷ ದಾಟಿದರೆ, ಅಥವಾ ಎಚ್ಚರಾಗುವ ಮೊದಲೇ ಇನ್ನೊಂದು ಸೆಳವು ಬಂದರೆ 108ಕ್ಕೆ ಕರೆ ಮಾಡಿ. ಮನೆಯಲ್ಲಿ ಮೂರ್ಛೆರೋಗದವರಿದ್ದರೆ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲು ಬಿಡಬೇಡಿ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಸೆಳವು ನಿಂತಿತೆಂದು ಎದ್ದು ಹೋಗಬೇಡಿ. ಅವರು ಪೂರ್ತಿ ಎಚ್ಚರಾಗುವ ತನಕ ಪಕ್ಕದಲ್ಲೇ ಕುಳಿತು, ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿರಿ.